ಮೊದಲ ವರ್ಷದ ಕಾಮರ್ಸ್ ಮಕ್ಕಳಿಗೆ ಮೊದಲು ಹೇಳಬೇಕಾದ್ದು ಕೋರ್ಸಿನ ಹೆಸರೋ, ಕೆಲಸದ ಪರಿಚಯವೋ?

ಮಂಡ್ಯ ಕಾಮರ್ಸ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮಂಡ್ಯದ ಪದವಿ ಕಾಲೇಜೊಂದರಲ್ಲಿ ಕಾಮರ್ಸ್ ಹೇಳಿಕೊಡುತ್ತೇನೆ. ಮೊದಲ ಸೆಮಿಸ್ಟರಿನ ಬಿ.ಕಾಂ. ಮತ್ತು ಬಿ.ಬಿ.ಎ. ಮಕ್ಕಳಿಗೆ ಮುಂದಿನ ಓದು, ಉದ್ಯೋಗ ಇವುಗಳ ಪರಿಚಯ ಮಾಡಿಕೊಡುವ ಹೊಣೆ ಈ ಸಲ ನನಗೆ ಬಂದಿದೆ. ಪ್ರಾಂಶುಪಾಲರು ಮೂರು ಶನಿವಾರದ ಬೆಳಗಿನ ಹೊತ್ತು ಬಿಟ್ಟುಕೊಟ್ಟಿದ್ದಾರೆ.

ಏನಾಗಬೇಕು ಅಂತಿದ್ದೀರಿ ಎಂದು ತರಗತಿಯಲ್ಲಿ ಕೇಳಿದೆ. ಸಿ.ಎ., ಇಲ್ಲವೇ ಬ್ಯಾಂಕು. ಬೇರೆ ಉತ್ತರ ಹೆಚ್ಚುಕಡಿಮೆ ಬರಲೇ ಇಲ್ಲ. ಸಿ.ಎ. ಅಂದವರಲ್ಲಿ ಬಹಳ ಜನ ಆಡಿಟರ್ ಆಫೀಸಿನ ಒಳಗೆ ಕಾಲಿಟ್ಟವರಲ್ಲ. ಬ್ಯಾಂಕು ಅಂದವರು ಕೌಂಟರಿನ ಈಚೆ ನಿಂತು ಚಲನ್ ತುಂಬಿದವರು, ಆಚೆ ಕೂತವರು ಇಡೀ ದಿನ ಏನು ಮಾಡುತ್ತಾರೆ ಅನ್ನುವುದನ್ನು ನೋಡಿದವರಲ್ಲ. ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಸಾಮಾನ್ಯವಾಗಿ ಇಂಥ ಕಾರ್ಯಕ್ರಮದಲ್ಲಿ ಪರದೆ ಮೇಲೆ ಕೋರ್ಸುಗಳ ಪಟ್ಟಿ ಹಾಕುತ್ತಾರೆ. ಮಕ್ಕಳು ಫೋಟೋ ಹೊಡೆದುಕೊಂಡು ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಅದು ತಿರುಗುಮುರುಗಾಗಬೇಕು ಅನ್ನುವುದು ನನ್ನ ಮಾತು. ಒಂದು ವ್ಯಾಪಾರದ ಒಳಗೆ ಯಾರು ಯಾರು ಏನೇನು ಕೆಲಸ ಮಾಡುತ್ತಾರೆ ಅನ್ನುವುದನ್ನು ಮೊದಲು ಕಣ್ಣಾರೆ ನೋಡಲಿ. ಇಷ್ಟವಾದ ಕೆಲಸಕ್ಕೆ ಯಾವ ಓದು ಬೇಕು ಅನ್ನುವುದು ಆಮೇಲೆ ಬರಲಿ. ಈ ಗುಂಪಿನಲ್ಲಿ ಆಡಿಟರುಗಳು, ಬ್ಯಾಂಕಿನವರು, ಕಾರ್ಖಾನೆಯವರು, ಮಂಡಿಯವರು ಎಲ್ಲ ಇದ್ದೀರಿ. ನಿಮ್ಮ ನಿಮ್ಮ ಕೆಲಸದ ಬಗ್ಗೆ ಹದಿನೆಂಟರ ಮಕ್ಕಳಿಗೆ ಏನು ಹೇಳುತ್ತೀರಿ?

ಸರಸ್ವತಿಪುರಂ ಆಡಿಟರ್

ಮೇಷ್ಟ್ರೇ, ಒಳ್ಳೆ ಕೆಲಸ ಹಿಡಿದಿದ್ದೀರಿ. ನನ್ನ ಪಾಲಿನದ್ದು ಹೇಳುತ್ತೇನೆ.

ಸಿ.ಎ. ಅಂದರೆ ಏನು ಅಂತ ಕೇಳಿದವರಿಗೆ ನಾನು ಕ್ಯಾಲೆಂಡರ್ ತೋರಿಸುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನು), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನು). ಮಾರ್ಚ್ 31ಕ್ಕೆ ಗಿರಾಕಿಗಳ ಗೋಡೌನಿನಲ್ಲಿ ನಿಂತು ದಾಸ್ತಾನು ಎಣಿಸಬೇಕು. ಮಳೆಗಾಲ ಪೂರ್ತಿ ಆದಾಯ ತೆರಿಗೆ ರಿಟರ್ನು, ಸೆಪ್ಟೆಂಬರ್ ಕೊನೆವರೆಗೂ ಟ್ಯಾಕ್ಸ್ ಆಡಿಟ್. ದಸರಾ ಜಂಬೂ ಸವಾರಿ ಹೊತ್ತಿಗೆ ನಮ್ಮ ಆಫೀಸಿನವರು ಉಸಿರು ಬಿಡುತ್ತೇವೆ. ಆರ್ಟಿಕಲ್ ಮಕ್ಕಳು, ಅಂದರೆ ಆಡಿಟರ್ ಹತ್ತಿರ ತರಬೇತಿಗೆ ಇರುವ ಸಿ.ಎ. ವಿದ್ಯಾರ್ಥಿಗಳು, ಮೊದಲ ತಿಂಗಳುಗಳಲ್ಲಿ ಮಾಡುವುದು ಬಿಲ್ಲು-ವೋಚರ್ ತಾಳೆ ನೋಡುವುದು, ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ಯಾಲಿ (ಲೆಕ್ಕ ಇಡುವ ಸಾಫ್ಟ್‌ವೇರ್) ಲೆಡ್ಜರಿಗೆ ಹೊಂದಿಸುವುದು. ಒಂದು ರೂಪಾಯಿ ವ್ಯತ್ಯಾಸ ಬಂದರೆ ಅದು ಎಲ್ಲಿಂದ ಬಂತು ಅಂತ ಹುಡುಕುವುದರಲ್ಲಿ ಖುಷಿ ಕಾಣುವ ಮಗು ಈ ದಾರಿಗೆ ಹೇಳಿ ಮಾಡಿಸಿದ್ದು. ಆ ಖುಷಿ ಇಲ್ಲದವರು ಬುದ್ಧಿವಂತರೇ ಆದರೂ ನರಳುತ್ತಾರೆ.

ಹಂತಗಳು ಹೀಗೆ: ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್. ಫೌಂಡೇಶನ್‌ನಲ್ಲಿ ನಾಲ್ಕು ಪೇಪರು, ಮೇಲಿನ ಎರಡು ಹಂತಗಳಲ್ಲಿ ಆರಾರು ಪೇಪರು. ಪ್ರತಿ ಪೇಪರಿಗೆ 40, ಒಟ್ಟಾರೆ 50 ಶೇಕಡಾ ಬೇಕು. 2023ರ ಹೊಸ ಪದ್ಧತಿಯಲ್ಲಿ ಇಂಟರ್‌ನ ಎರಡೂ ಗ್ರೂಪ್ ಪಾಸಾದ ಮೇಲೆ ಆರ್ಟಿಕಲ್‌ಶಿಪ್, ಅದು 2 ವರ್ಷ. ಮೊದಲು 3 ವರ್ಷ ಇತ್ತು, ಹಾಗಾಗಿ ಹಳಬರ ಲೆಕ್ಕ ಕೇಳಿ ಮಕ್ಕಳು ಗಲಿಬಿಲಿಯಾಗುತ್ತಾರೆ. ಸಿ.ಎ. ಇನ್‌ಸ್ಟಿಟ್ಯೂಟಿನ ಶಾಖೆ ಮೈಸೂರಿನಲ್ಲೇ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ.

ನನ್ನ ಸಲಹೆ: ಸಿ.ಎ. ಬೇಕು ಅನ್ನುವ ಮಗು ಮೊದಲ ವರ್ಷದಲ್ಲೇ ಫೌಂಡೇಶನ್ ಬರೆದುಬಿಡಲಿ. ಕಾಯುತ್ತಾ ಕೂತರೆ ಓದಿನ ಬಿಸಿ ಆರುತ್ತದೆ.

ಪಾಂಡವಪುರದ ಹುಡುಗ

ಸಾರ್, ನಾನು ಮೊದಲ ಸೆಮಿಸ್ಟರ್ ಬಿ.ಕಾಂ. ಪಿ.ಯು.ವರೆಗೂ ಕನ್ನಡ ಮೀಡಿಯಂ. ಅಕೌಂಟೆನ್ಸಿಯಲ್ಲಿ ನಂಬರ್ ಬಂದಿದೆ, ಆದರೆ ಇಂಗ್ಲಿಷಿನಲ್ಲಿ ಪುಸ್ತಕ ತೆಗೆದರೆ ಅದೇ ಲೆಕ್ಕ ಬೇರೆ ಥರ ಕಾಣುತ್ತೆ. ನಮ್ಮನೆಯಲ್ಲಿ ಅರ್ಧ ಎಕರೆ ಕಬ್ಬು, ಎರಡು ಹಸು. ಅಮ್ಮ ದಿನಾ ಡೈರಿಗೆ ಹಾಲು ಹಾಕ್ತಾರೆ. ಆಫೀಸು, ಕಂಪನಿ ಇದೆಲ್ಲ ನಮ್ಮ ಮನೆಯವರು ಯಾರೂ ನೋಡಿಲ್ಲ. ನಂಗೆ ಯಾವ ಕೆಲಸ ಇಷ್ಟ ಅಂತ ನಂಗೆ ಹೆಂಗೆ ಗೊತ್ತಾಗಬೇಕು?

ನಿವೃತ್ತ ಸಕ್ಕರೆ ಲೆಕ್ಕಿಗ

ಪಾಂಡವಪುರದ ತಮ್ಮ, ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಸಕ್ಕರೆ ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಯಾರೂ ಆಫೀಸು ನೋಡಿಲ್ಲ ಅಂತೀಯ. ನಿನ್ನ ಅರ್ಧ ಎಕರೆ ಕಬ್ಬನ್ನು ಹಿಡಿದುಕೊಂಡು ಕಾರ್ಖಾನೆ ಗೇಟಿನ ಒಳಗೆ ಹೋಗೋಣ ಬಾ, ನಿನ್ನ ಸಿಲಬಸ್ಸು ಪೂರ್ತಿ ಅಲ್ಲೇ ಸಿಗುತ್ತದೆ.

ಮೊದಲು ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್. ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಗೊತ್ತುಮಾಡುತ್ತದೆ. ಇಳುವರಿ ಅಂದರೆ ಇಲ್ಲಿ ನೂರು ಕೆ.ಜಿ. ಕಬ್ಬಿನಿಂದ ಎಷ್ಟು ಕೆ.ಜಿ. ಸಕ್ಕರೆ ಬಂತು ಅನ್ನುವುದು. 2025-26ರ ಹಂಗಾಮಿಗೆ ಅದು ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಅಷ್ಟು ಇಳುವರಿ ಬಂದರೆ ಒಂದು ಟನ್ ಕಬ್ಬಿಗೆ 102.5 ಕೆ.ಜಿ. ಸಕ್ಕರೆ. ಭಾಗಿಸಿ ನೋಡು: ಒಂದು ಕೆ.ಜಿ. ಸಕ್ಕರೆಯಲ್ಲಿ ಕಬ್ಬಿನ ಬೆಲೆಯೊಂದೇ 34 ರೂಪಾಯಿ 63 ಪೈಸೆ. ಇಳುವರಿ ಇಳಿದಂತೆ ಕಬ್ಬಿನ ದರವೂ ಇಳಿಯುತ್ತದೆ, ಆದರೆ ಇಳುವರಿ 9.5ಕ್ಕಿಂತ ಕೆಳಗೆ ಹೋದರೂ ದರ ಇನ್ನು ಇಳಿಯುವಂತಿಲ್ಲ, ಕ್ವಿಂಟಲಿಗೆ 329 ರೂಪಾಯಿ 5 ಪೈಸೆಗೆ ನಿಂತುಬಿಡುತ್ತದೆ. ರೈತನ ರಕ್ಷಣೆಗೆ ಮಾಡಿದ ನಿಯಮ ಅದು. ಈಗ ಒಂದು ಕಾರ್ಖಾನೆಯ ಇಳುವರಿ 8.5ಕ್ಕೆ ಬಿತ್ತು ಅಂತ ಇಟ್ಟುಕೋ. ಟನ್ನಿಗೆ ಸಿಗುವುದು 85 ಕೆ.ಜಿ., ಕೊಡಬೇಕಾದ್ದು 3,290 ರೂಪಾಯಿ 50 ಪೈಸೆ. ಕೆ.ಜಿ. ಸಕ್ಕರೆಗೆ ಕಬ್ಬಿನ ವೆಚ್ಚ 38 ರೂಪಾಯಿ 71 ಪೈಸೆಗೆ ಏರಿತು. ಆ 4 ರೂಪಾಯಿ ಎಲ್ಲಿಂದ ತರಬೇಕು? ಹಳೆ ಯಂತ್ರದಿಂದ ಸೋರಿಕೆಯಾಗುತ್ತಿದೆಯೋ, ಕಟಾವಾದ ಕಬ್ಬು ಗೇಟಿನಲ್ಲಿ ಒಣಗುತ್ತಿದೆಯೋ? ಇದನ್ನು ಹುಡುಕುವವನೇ ಕಾಸ್ಟ್ ಅಕೌಂಟೆಂಟ್. ಸಿ.ಎಂ.ಎ. (ಕಾಸ್ಟ್ ಅಂಡ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್) ಕೋರ್ಸು ಇರುವುದು ಇದಕ್ಕೆ. ಸಕ್ಕರೆಯ ಜೊತೆ ಬರುವ ಕಾಕಂಬಿ, ಬಗಾಸು (ಕಬ್ಬಿನ ಸಿಪ್ಪೆ), ಪ್ರೆಸ್ ಮಡ್ (ರಸ ಸೋಸಿದಾಗ ಉಳಿಯುವ ಮಡ್ಡಿ) ಇವಕ್ಕೆಲ್ಲ ವೆಚ್ಚ ಹಂಚುವುದು ಹೇಗೆ ಅನ್ನುವ ಅಧ್ಯಾಯ ನಿನ್ನ ಕಾಸ್ಟಿಂಗ್ ಪುಸ್ತಕದಲ್ಲಿ ಬರುತ್ತದೆ. ಆ ದಿನ ಈ ಲೆಕ್ಕ ನೆನೆಸಿಕೋ. ಸಕ್ಕರೆ ಉದ್ಯಮ ವೆಚ್ಚದ ದಾಖಲೆ ಇಡುವುದು ಕಾನೂನಿನಲ್ಲೇ ಕಡ್ಡಾಯ ಇರುವ ಉದ್ಯಮಗಳಲ್ಲಿ ಒಂದು. ನಮ್ಮ ಜಿಲ್ಲೆಯಲ್ಲಿ ಇಷ್ಟು ಸಕ್ಕರೆ ಇದ್ದೂ ಸಿ.ಎಂ.ಎ. ಅನ್ನುವ ಹೆಸರು ಮಕ್ಕಳ ಬಾಯಲ್ಲಿ ಬರುವುದಿಲ್ಲ ಅನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಇನ್ನು ಹಣ. ಕಬ್ಬು ಬರುವುದು ಕೆಲವೇ ತಿಂಗಳು, ರೈತನಿಗೆ 14 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಸಕ್ಕರೆ ಮಾತ್ರ ವರ್ಷಪೂರ್ತಿ ಸ್ವಲ್ಪ ಸ್ವಲ್ಪವೇ ಮಾರಬೇಕು, ತಿಂಗಳಿಗಿಷ್ಟು ಅಂತ ಕೇಂದ್ರದ ಕೋಟಾ ಇದೆ. ಹಣ ಹೋಗುವುದು ಈಗ, ಬರುವುದು ನಿಧಾನಕ್ಕೆ. ನಡುವಿನ ಅಂತರವನ್ನು ಗೋಡೌನಿನ ಸಕ್ಕರೆ ಅಡವಿಟ್ಟು ಬ್ಯಾಂಕಿನಿಂದ ತುಂಬಿಸಬೇಕು. ವರ್ಕಿಂಗ್ ಕ್ಯಾಪಿಟಲ್ ಅಂದರೆ ಇದು, ಫೈನಾನ್ಸ್ ವಿಭಾಗದ ನಿತ್ಯದ ಕೆಲಸ ಇದು. ಬಾಕಿ ಹಣಕ್ಕೆ ರೈತರು ಧರಣಿ ಕೂತ ಸುದ್ದಿ ಓದಿದಾಗಲೆಲ್ಲ ಈ ಅಂತರದ ಲೆಕ್ಕ ಮಾಡುವವರು ಒಳಗೆ ಎಷ್ಟು ಗಟ್ಟಿ ಇದ್ದರು ಅಂತ ನಾನು ಯೋಚಿಸುತ್ತೇನೆ. ಲೆಕ್ಕ ಚೆನ್ನಾಗಿ ಕಲಿತ ಹುಡುಗ ಊರಿಗೆ ಆಗಿಬರುತ್ತಾನೆ, ತಮ್ಮ.

ಕಟಾವಿನ ಗ್ಯಾಂಗುಗಳನ್ನು ಕರೆಸುವುದು, ಹಂಗಾಮಿ ಕೆಲಸಗಾರರ ಹಾಜರಿ, ಪಿ.ಎಫ್., ಪಾಳಿ ಬದಲಾವಣೆ ಎಚ್.ಆರ್. ಕೆಲಸ. ಯಾವ ಹಳ್ಳಿಯ ಕಬ್ಬು ಯಾವ ದಿನ ಗೇಟಿಗೆ ಬರಬೇಕು ಅನ್ನುವುದು ಸಪ್ಲೈ ಚೈನ್. ನಿಮ್ಮಪ್ಪ ಕಟಿಂಗ್ ಆರ್ಡರ್‌ಗೆ ಕಾಯುತ್ತಾರಲ್ಲ, ಅದರ ಇನ್ನೊಂದು ತುದಿ ಅಲ್ಲಿರುತ್ತದೆ.

ನಿಮ್ಮಮ್ಮನ ಡೈರಿ ಪುಸ್ತಕವನ್ನೂ ತೆಗೆದು ನೋಡು. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಷ್ಟು, ಅದಕ್ಕೆ ದರ ಎಷ್ಟು ಅಂತ ಬರೆದಿರುತ್ತದೆ. ಅಲ್ಲಿಂದ ಗೆಜ್ಜಲಗೆರೆಯ ಮನ್‌ಮುಲ್ (ಮಂಡ್ಯ ಹಾಲು ಒಕ್ಕೂಟ) ಡೈರಿಗೆ, ಅಲ್ಲಿಂದ ನಂದಿನಿ ಪ್ಯಾಕೆಟ್ಟಿಗೆ. ಒಂದು ಲೀಟರ್ ಹಾಲಿನ ಹಿಂದೆ ಎಷ್ಟು ಜನ ಲೆಕ್ಕದವರು, ಮಾರಾಟದವರು, ಸಾಗಣೆಯವರು ಇದ್ದಾರೆ ಅಂತ ಎಣಿಸುತ್ತಾ ಹೋಗು. ಯಾವ ಜಾಗದಲ್ಲಿ ನಿಂತಾಗ ನಿನಗೆ ಇನ್ನೂ ಕೇಳಬೇಕು ಅನ್ನಿಸಿತೋ ಅಲ್ಲಿ ನಿನ್ನ ಕೆಲಸ ಇದೆ.

ಪಾಂಡವಪುರದ ಹುಡುಗ

ಸಾರ್, ಆ 8.5ರ ಲೆಕ್ಕ ನಾನೇ ಬರೆದು ಮಾಡಿ ನೋಡಿದೆ. ಅಪ್ಪನಿಗೂ ತೋರಿಸಿದೆ. ಮೊದಲ ಸಲ ಅಪ್ಪ ನನ್ನ ಓದಿನ ಬಗ್ಗೆ ಕೂತು ಮಾತಾಡಿದರು. ತುಂಬ ಥ್ಯಾಂಕ್ಸ್.

ಮದ್ದೂರು ಕಡೆಯ ತಂದೆ

ನಮಸ್ಕಾರ ಸಾ. ಮಗಳ್ನ ಮೈಸೂರಲ್ಲಿ ಬಿ.ಬಿ.ಎ.ಗೆ ಸೇರ್ಸಿವ್ನಿ, ಹಾಸ್ಟೆಲ್ಲು. ಬಿ.ಬಿ.ಎ. ಓದುದ್ರೆ ಮ್ಯಾನೇಜರ್ ಆಯ್ತಾರೆ ಅಂದ್ರು, ಸೇರ್ಸ್‌ಬುಟ್ಟೆ. ಈಗ ನಮ್ ಭಾವ ಬಂದು ಬಿ.ಕಾಂ. ಆಗಿದ್ರೆ ಚೆನ್ನಾಗಿರದು ಅಂತಾವ್ರೆ. ಮಗಳಿಗೆ ಮಾತು ಚೆನ್ನಾಗಿ ಬತ್ತದೆ, ಲೆಕ್ಕ ಅಂದ್ರೆ ಅಷ್ಟಕ್ಕಷ್ಟೆ. ಏನ್ ಮಾಡ್ಲಿ ಹೇಳಿ. ಸುಳ್ಳು ಭರವಸೆ ಬ್ಯಾಡ, ನಿಜ ಹೇಳಿ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಎಚ್.ಆರ್.

ಅಣ್ಣಾ, ನಿಜವನ್ನೇ ಹೇಳ್ತೀನಿ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ ಹೊಸಬರನ್ನು ಆರಿಸುವ ಕೆಲಸ ನನ್ನದು. ಬಿ.ಬಿ.ಎ. ಮುಗಿಸಿದ ತಕ್ಷಣ ಯಾರೂ ಮ್ಯಾನೇಜರ್ ಆಗುವುದಿಲ್ಲ. ಬಿ.ಕಾಂ. ಮುಗಿಸಿದವರೂ ಆಗುವುದಿಲ್ಲ. ಎಕ್ಸಿಕ್ಯೂಟಿವ್, ಅಸಿಸ್ಟೆಂಟ್, ಟ್ರೈನಿ ಅಂತ ಸೇರಿ ಕೆಲಸ ಕಲಿತು ಮೇಲೇರಬೇಕು.

ಆದರೆ ನಿಮ್ಮ ಮಗಳಿಗೆ ಮಾತು ಬರುತ್ತದೆ ಅಂದಿರಲ್ಲ, ಅದನ್ನು ಸಣ್ಣದು ಅಂತ ತಿಳಿಯಬೇಡಿ. ಮಾರ್ಕೆಟಿಂಗ್, ಸೇಲ್ಸ್, ಎಚ್.ಆರ್., ಗ್ರಾಹಕ ಸೇವೆ ಎಲ್ಲದರ ಬುನಾದಿ ಅದು. ಬಿ.ಬಿ.ಎ.ಯಲ್ಲಿ ಮೊದಲು ಎಲ್ಲ ವಿಷಯ ಸ್ವಲ್ಪ ಸ್ವಲ್ಪ ಕಲಿಸಿ ಕೊನೆ ಕೊನೆಯಲ್ಲಿ ಫೈನಾನ್ಸ್, ಮಾರ್ಕೆಟಿಂಗ್, ಎಚ್.ಆರ್. ಅಂತ ಆರಿಸಿಕೊಳ್ಳಲು ಬಿಡುತ್ತಾರೆ. ಆ ಆಯ್ಕೆ ಬರುವ ಮೊದಲೇ ಅವಳು ಒಂದು ರಜೆಯಲ್ಲಿ ಎಲ್ಲಾದರೂ ಕೆಲಸ ಮಾಡಿರಬೇಕು. ಬಟ್ಟೆ ಅಂಗಡಿಯ ಕೌಂಟರ್ ಆದರೂ ಸರಿ. ಇಂಟರ್‌ವ್ಯೂನಲ್ಲಿ ನಾನು ಕೇಳುವ ಪ್ರಶ್ನೆ ಒಂದೇ: ನೀನು ಯಾರಿಗಾದರೂ ಏನನ್ನಾದರೂ ಮಾರಿದ್ದೀಯಾ, ಇಲ್ಲ ಅಂದವರನ್ನು ಹೇಗೆ ಒಪ್ಪಿಸಿದೆ? ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ.

ನಿಮ್ಮ ಊರಿನದೇ ಒಂದು ಪಾಠ ಅವಳಿಗೆ ಹೇಳಿ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರುಗಳು ಬೈಪಾಸಿನಲ್ಲಿ ಹಾರಿಹೋದವು, ಹಳೆ ರಸ್ತೆಯ ಮದ್ದೂರು ವಡೆ ಹೋಟೆಲುಗಳಿಗೂ ಚನ್ನಪಟ್ಟಣದ ಗೊಂಬೆ ಅಂಗಡಿಗಳಿಗೂ ದಾರಿಹೋಕರ ವ್ಯಾಪಾರ ಕುಸಿಯಿತು. ವಡೆಯ ರುಚಿ ಬದಲಾಗಲಿಲ್ಲ, ಗಿರಾಕಿ ಬರುವ ದಾರಿ ಬದಲಾಯಿತು. ಹಾಗಾದರೆ ಆ ಗಿರಾಕಿಯನ್ನು ಎಲ್ಲಿ ಹಿಡಿಯಬೇಕು? ಪ್ಯಾಕೆಟ್ ಮಾಡಿ ಮೈಸೂರಿಗೆ ಕಳಿಸಬೇಕೋ, ಬೆಂಗಳೂರಿನಲ್ಲಿ ಶಾಖೆ ತೆರೆಯಬೇಕೋ? ಮಾರ್ಕೆಟಿಂಗ್ ಓದುವವರು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದು. ಪುಸ್ತಕದ ಅಮೆರಿಕದ ಉದಾಹರಣೆಗಿಂತ ಇದು ಅವಳಿಗೆ ಬೇಗ ಹತ್ತುತ್ತದೆ.

ಒಂದು ಎಚ್ಚರಿಕೆ: 2024-25ರಿಂದ ಬಿ.ಬಿ.ಎ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ವ್ಯಾಪ್ತಿಗೆ ಬಂದಿದೆ. ಕಾಲೇಜಿಗೆ ಅನುಮೋದನೆ ಇದೆಯಾ ಅಂತ ವಿಚಾರಿಸಿಕೊಳ್ಳಿ. ಮತ್ತೆ, ಲೆಕ್ಕ ಅಷ್ಟಕ್ಕಷ್ಟೆ ಅಂತ ಬಿಟ್ಟುಬಿಡಬೇಡಿ. ಲಾಭ-ನಷ್ಟದ ಪಟ್ಟಿ ಓದಲು ಬಾರದ ಸೇಲ್ಸಿನವರು ಒಂದು ಹಂತಕ್ಕೆ ಬಂದು ನಿಂತುಬಿಡುತ್ತಾರೆ.

ಮದ್ದೂರು ಕಡೆಯ ತಂದೆ

ಆಯ್ತಮ್ಮ, ದೊಡ್ಡ ಉಪ್ಕಾರ ಆಯ್ತು. ದಸರಾ ರಜೆಗೆ ಮಗಳು ಬಂದಾಗ ನಮ್ಮ ಸಂಬಂಧಿಕರ ಅಂಗಡೀಲಿ ನಿಲ್ಸ್ತೀನಿ.

ಗ್ರಾಮೀಣ ಬ್ಯಾಂಕ್ ಆಫೀಸರ್

ಬ್ಯಾಂಕಿನ ಕಡೆಯಿಂದ ನಾಲ್ಕು ಮಾತು. ಬ್ಯಾಂಕ್ ಪರೀಕ್ಷೆಗೆ ಬಿ.ಕಾಂ. ಆಗಿರಲೇಬೇಕು ಅಂತ ಬಹಳ ಮಕ್ಕಳು ನಂಬಿದ್ದಾರೆ. ಹಾಗೇನಿಲ್ಲ, ಯಾವ ಪದವಿಯಾದರೂ ಸರಿ. ಬ್ಯಾಂಕುಗಳಿಗೆ ಜನರನ್ನು ಆರಿಸುವ ಐಬಿಪಿಎಸ್ ಪರೀಕ್ಷೆಯಲ್ಲಿ ಕ್ಲರ್ಕ್ ಹುದ್ದೆಗೆ 20ರಿಂದ 28 ವಯಸ್ಸು, ಪಿ.ಒ.ಗೆ (ಪ್ರೊಬೇಷನರಿ ಆಫೀಸರ್) 20ರಿಂದ 30, ಮೀಸಲಾತಿಯವರಿಗೆ ಸಡಿಲಿಕೆ ಇದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು, ಕನ್ನಡ ಬರುವುದು ಅಲ್ಲಿ ಅರ್ಹತೆಯೇ. ಪಾಂಡವಪುರದ ಹುಡುಗ ಇದನ್ನು ಗಮನಿಸಲಿ. ನಮ್ಮ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಸೇರಿ ಬಳ್ಳಾರಿ ಕೇಂದ್ರವಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಮಂಡ್ಯದ ಮಗುವಿಗೆ ಬೀದರಿನಲ್ಲಿ ಕೆಲಸ ಸಿಗಬಹುದು, ಮನೆಯವರು ಅದಕ್ಕೂ ಮನಸ್ಸು ಮಾಡಿರಬೇಕು.

ಕೌಂಟರಿನ ಆಚೆ ಏನಿದೆ ಅಂದಿರಿ ಮೇಷ್ಟ್ರೇ. ಬೆಳಗ್ಗೆ ನಗದು, ಪಾಸ್‌ಬುಕ್ಕು, ಕೆವೈಸಿ. ಮಧ್ಯಾಹ್ನ ಬೆಳೆ ಸಾಲದ ಕಡತ, ಪಹಣಿ ನೋಡುವುದು, ಹೊಲಕ್ಕೆ ಹೋಗಿ ಬರುವುದು. ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಸಾಲ, ವಸೂಲಿ, ವಿಮೆ ಟಾರ್ಗೆಟ್ಟು. ಜನರ ಜೊತೆ ತಾಳ್ಮೆ ಇರುವವರಿಗೆ ಒಳ್ಳೆ ಕೆಲಸ. ಭದ್ರತೆ ಅನ್ನುವ ಒಂದೇ ಕಾರಣಕ್ಕೆ ಬರುವವರಿಗೆ ವಸೂಲಿಯ ದಿನಗಳು ಬಹಳ ಕಷ್ಟ. ಹಿರಿಯರು ಇನ್ನೂ ‘ಮೈಸೂರ್ ಬ್ಯಾಂಕ್’ ಅಂತ ಪ್ರೀತಿಯಿಂದ ಹೇಳುವ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 1913ರಲ್ಲಿ ಹುಟ್ಟಿ 2017ರಲ್ಲಿ ಎಸ್‌ಬಿಐ ಜೊತೆ ಸೇರಿತು. ಆ ಕಾಲದ ಕೆಲಸದ ಚಿತ್ರವನ್ನೇ ಮನೆಯವರು ಮಕ್ಕಳಿಗೆ ಹೇಳುತ್ತಾರೆ. ಈಗಿನ ಶಾಖೆ ಬೇರೆ.

ನಿವೃತ್ತ ಸಕ್ಕರೆ ಲೆಕ್ಕಿಗ

ಆಡಿಟರ್ ಸಾಹೇಬರ ಒಂದು ಮಾತು ನನಗೆ ಒಪ್ಪಿಗೆ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಗು ಮೊದಲ ವರ್ಷ ಕಾಲೇಜಿಗೆ ಹೊಂದಿಕೊಳ್ಳುವುದರಲ್ಲೇ ಇರುತ್ತದೆ. ಆಗಲೇ ಫೌಂಡೇಶನ್ ಬರೆಸಿ ಫೇಲಾದರೆ ಕೈಚೆಲ್ಲುತ್ತದೆ. ಬಿ.ಕಾಂ.ನಲ್ಲಿ ಶೇ. 55 ತೆಗೆದರೆ ಫೌಂಡೇಶನ್ ಇಲ್ಲದೆ ನೇರ ಇಂಟರ್‌ಗೆ ಹೋಗಬಹುದಲ್ಲ? ಸಿ.ಎಂ.ಎ.ಗೂ ಪದವೀಧರರಿಗೆ ಫೌಂಡೇಶನ್ ಬೇಕಿಲ್ಲ. ಅವಸರ ಯಾಕೆ?

ಸರಸ್ವತಿಪುರಂ ಆಡಿಟರ್

ಹಿರಿಯರೇ, ನೀವು ಹೇಳುವ ದಾರಿ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಆ ದಾರಿಯಲ್ಲಿ ಹೋದ ಮಗು 21ಕ್ಕೆ ಶುರು ಮಾಡುತ್ತದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಸಂಬಳ ಎಲ್ಲಿ ಅಂತ ಕೇಳಲು ಶುರು ಮಾಡಿರುತ್ತಾರೆ, ಹೆಣ್ಣುಮಕ್ಕಳಿಗೆ ಮದುವೆ ಮಾತು ಬಂದಿರುತ್ತದೆ. ನಾನು ಅವಸರ ಮಾಡುವುದು ಅದಕ್ಕೆ. ಭಾಷೆಯ ವಿಷಯದಲ್ಲಿ ನಿಮ್ಮ ಮಾತು ಸರಿ. ಹಾಗಾಗಿ ಹೀಗೆ ಮಾಡೋಣ: ಮೊದಲ ಸೆಮಿಸ್ಟರ್ ಪೂರ್ತಿ ಇಂಗ್ಲಿಷ್ ಅಕೌಂಟ್ಸ್ ಪುಸ್ತಕ ಓದುವುದಷ್ಟೇ ಗುರಿಯಾಗಲಿ. ತಾಳೆಪಟ್ಟಿ (ಟ್ರಯಲ್ ಬ್ಯಾಲೆನ್ಸ್), ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಪಿ.ಯು.ನಲ್ಲಿ ಮಾಡಿದ ಮಗುವಿಗೆ ಒಳಗಿನ ವಿಷಯ ಗೊತ್ತೇ ಇದೆ, ಹೊಸದು ಹೆಸರು ಮಾತ್ರ. ಅದು ಹಿಡಿತಕ್ಕೆ ಬಂದರೆ ಫೌಂಡೇಶನ್, ಬರದಿದ್ದರೆ ನಿಮ್ಮ ದಾರಿ.

ಇನ್ನೊಂದು ಮಾತು ಮೇಷ್ಟ್ರಿಗೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಿದ್ದು ನೆನಪಿರಬಹುದು. ಅಂಗಡಿ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಬೋರ್ಡು ಬಂದವು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಹಾಲು-ತರಕಾರಿಗೆ ತೆರಿಗೆ ಇಲ್ಲ, ಸಣ್ಣವರಿಗೆ ಕಾಂಪೊಸಿಷನ್ ಅಂತ ಕಡಿಮೆ ದರದ ಸರಳ ಯೋಜನೆ ಇದೆ. ಇಷ್ಟನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಲೆಕ್ಕದ ಪುಸ್ತಕ ಬರೆದುಕೊಡುವ ಜನ ಬೇಕಾಗಿತ್ತು. ಸಿ.ಎ. ಆಗದಿದ್ದರೂ ಬಿ.ಕಾಂ. ಜೊತೆ ಟ್ಯಾಲಿ, ಜಿಎಸ್‌ಟಿ ಗಟ್ಟಿಯಾಗಿ ಕಲಿತವರಿಗೆ ಪ್ರತಿ ಪಟ್ಟಣದಲ್ಲೂ ಮರ್ಯಾದೆಯ ದುಡಿಮೆ ಇದೆ. ಸಿ.ಎ. ಪಾಸಾಗದವರೆಲ್ಲ ಸೋತವರು ಅನ್ನುವ ಭಾವನೆ ಮಕ್ಕಳ ತಲೆಯಲ್ಲಿ ಕೂರದಂತೆ ನೋಡಿಕೊಳ್ಳಿ, ದಯವಿಟ್ಟು.

ಕಂಪನಿ ಸೆಕ್ರೆಟರಿ, ಕುವೆಂಪುನಗರ

ಸಿ.ಎಸ್. (ಕಂಪನಿ ಸೆಕ್ರೆಟರಿ) ಬಗ್ಗೆ ಯಾರೂ ಹೇಳಲಿಲ್ಲ, ಚಿಕ್ಕದಾಗಿ ಸೇರಿಸುತ್ತೇನೆ. ಲೆಕ್ಕಕ್ಕಿಂತ ಕಾನೂನು ಓದುವುದು, ಕರಾರುವಾಕ್ಕಾಗಿ ಬರೆಯುವುದು ಇಷ್ಟ ಇರುವವರಿಗೆ ಇದು. ಸಿಎಸ್‌ಇಇಟಿ (ಪ್ರವೇಶ ಪರೀಕ್ಷೆ), ಎಕ್ಸಿಕ್ಯೂಟಿವ್, ಪ್ರೊಫೆಷನಲ್ ಅಂತ ಹಂತಗಳು, ಜೊತೆಗೆ 21 ತಿಂಗಳ ತರಬೇತಿ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಿಗೂ, ಪಾವತಿಯಾದ ಬಂಡವಾಳ 10 ಕೋಟಿ ಮುಟ್ಟಿದ ಉಳಿದ ಕಂಪನಿಗಳಿಗೂ ಪೂರ್ಣಾವಧಿ ಸೆಕ್ರೆಟರಿ ಕಾನೂನಿನ ಪ್ರಕಾರ ಬೇಕೇ ಬೇಕು. ಬೋರ್ಡ್ ಮೀಟಿಂಗಿನ ನೋಟಿಸು, ನಡಾವಳಿ, ಕಂಪನಿ ರಿಜಿಸ್ಟ್ರಾರ್‌ಗೆ ಹೋಗುವ ಫಾರಂ ಎಲ್ಲ ನಮ್ಮ ಕೈಯಲ್ಲಿ.

ಬೆಲ್ಲದ ಮಂಡಿ, ಮಂಡ್ಯ ಎಪಿಎಂಸಿ

ಮೇಷ್ಟ್ರೇ, ಮಕ್ಕಳನ್ನ ಕರ್ಕೊಂಡು ಬನ್ನಿ. ಅಚ್ಚು, ಬಕೆಟ್, ಕುರಿಕಟ್ಟು ಅಂತ ಒಂದೊಂದು ಬೆಲ್ಲಕ್ಕೆ ಒಂದೊಂದು ರೇಟು ಯಾಕೆ ಅಂತ ನಾನು ತೋರುಸ್ತೀನಿ. ಬಣ್ಣ ಬೆಳ್ಳಗಿದ್ರೆ ಗಿರಾಕಿ ಜಾಸ್ತಿ ಕೊಡ್ತಾನೆ, ಕೆಮಿಕಲ್ ಹಾಕದ ಕಪ್ಪು ಬೆಲ್ಲಕ್ಕೆ ಮಂಡೀಲಿ ಕಮ್ಮಿ ಕೇಳ್ತಾರೆ. ಅದೇ ಕಪ್ಪು ಬೆಲ್ಲ ಪುಡಿ ಮಾಡಿ ಪ್ಯಾಕೆಟ್ ಹಾಕಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಲೈಸೆನ್ಸು) ನಂಬರ್ ತಗೊಂಡು ಮೈಸೂರಲ್ಲಿ ಮಾರುದ್ರೆ ಬೇರೆ ರೇಟು. ಓದಿದ ಮಕ್ಕಳು ಆಲೆಮನೆಯವರ ಜೊತೆ ಸೇರ್ಕೊಂಡು ಇದನ್ನ ಮಾಡಬೇಕು ಅಂತ ನನ್ನಾಸೆ. ಎಲ್ರೂ ಕೆಲಸಕ್ಕೇ ಯಾಕೆ ಹೋಗಬೇಕು? ನಾಕು ಜನಕ್ಕೆ ಕೆಲಸ ಕೊಡೋ ಹಂಗೂ ಆಗ್ಲಿ.

ಮಂಡ್ಯ ಕಾಮರ್ಸ್ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಹೀಗೆ ಮಾಡುತ್ತೇನೆ: ಮೊದಲ ಶನಿವಾರ ತರಗತಿಯಲ್ಲೇ ಕಬ್ಬಿನಿಂದ ಸಕ್ಕರೆವರೆಗಿನ ಲೆಕ್ಕ, ಹಿರಿಯರು ಬಂದು ಹೇಳಿಕೊಡಲು ಒಪ್ಪಿದ್ದಾರೆ. ಎರಡನೆಯದು ಬೆಲ್ಲದ ಮಂಡಿ. ಮೂರನೆಯ ಶನಿವಾರ ಆಡಿಟರ್, ಬ್ಯಾಂಕ್ ಮೇಡಂ, ಎಚ್.ಆರ್. ಮೇಡಂ, ಸಿ.ಎಸ್. ಒಟ್ಟಿಗೆ ಕೂರುತ್ತಾರೆ, ಮಕ್ಕಳು ಪ್ರಶ್ನೆ ಕೇಳುತ್ತಾರೆ. ಕೋರ್ಸು, ಶುಲ್ಕ, ಪರೀಕ್ಷೆ ದಿನಾಂಕದ ಹಾಳೆ ಕೊಡುವುದು ಆ ದಿನದ ಕೊನೆಯಲ್ಲಿ ಮಾತ್ರ. ಎಂ.ಬಿ.ಎ. ಬಗ್ಗೆ ಕೇಳಿದವರಿಗೆ ಪಿಜಿಸಿಇಟಿ (ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ವಿವರ ಬೇರೆ ಹಾಕುತ್ತೇನೆ, ಅದು ಇನ್ನೂ ಮೂರು ವರ್ಷದ ಮಾತು. ಹೌದು, ಮೂರು ವರ್ಷ: 2024-25ರಿಂದ ಮತ್ತೆ 3 ವರ್ಷದ ಪದವಿಯೇ. ಅಕ್ಕ-ಅಣ್ಣಂದಿರ ನಾಲ್ಕು ವರ್ಷದ ಲೆಕ್ಕ ಕೇಳಿ ಗೊಂದಲ ಮಾಡಿಕೊಳ್ಳಬೇಡಿ.

ಪಾಂಡವಪುರದ ಹುಡುಗ

ಮಂಡಿಗೆ ಬೇರೆ ಕಾಲೇಜಿನವರು ಬರಬಹುದಾ ಸಾರ್? ನಮ್ಮ ಕ್ಲಾಸಿನಲ್ಲಿ ಇನ್ನೂ ಕೆಲವರು ಕೇಳ್ತಿದ್ದಾರೆ.

ಬೆಲ್ಲದ ಮಂಡಿ, ಮಂಡ್ಯ ಎಪಿಎಂಸಿ

ಬಾರಪ್ಪ, ಯಾರ್ ಬೇಕಾದ್ರೂ ಬರ್ಲಿ. ಮೇಷ್ಟ್ರಿಗೆ ಹೆಸರು ಕೊಟ್ಟಿರಿ. ಹರಾಜು ನಡೆಯೋವಾಗ ಹತ್ತತ್ತು ಜನದ ಗುಂಪು ಮಾಡ್ಕಳಿ, ಹಮಾಲಿಗಳು ಮೂಟೆ ಹೊತ್ಕೊಂಡು ಓಡಾಡೋ ದಾರೀಲಿ ನಿಲ್ಬ್ಯಾಡಿ. ಒಂದು ನೋಟ್‌ಬುಕ್ ತನ್ನಿ. ಆವತ್ತಿನ ರೇಟು, ಕಮಿಷನ್ನು, ಹಮಾಲಿ, ಲಾರಿ ಬಾಡಿಗೆ ಎಲ್ಲ ಬರ್ಕೊಂಡು ರೈತನ ಕೈಗೆ ಎಷ್ಟು ಉಳೀತು ಅಂತ ನೀವೇ ಕೂಡಿ ಕಳೆದು ಹೇಳ್ಬೇಕು.